ಗ್ವಾಡಿ ಯಾತರದ್ದು?

2025ರ ನವರಾತ್ರಿಯ ಮೊದಲ ವಾರ. ಬಾಗಲಕೋಟೆ ನವನಗರದ ನಮ್ಮ ಮನೆಯ ಗೇಟಿನಲ್ಲಿ ಒಬ್ಬ ಅಕ್ಕೋರು ಬಂದು ನಿಂತರು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಫೋನು, ಬಗಲಲ್ಲಿ ನೀರಿನ ಬಾಟಲಿ. ಸರ್ಕಾರದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಸೆಪ್ಟೆಂಬರ್ 22ಕ್ಕೆ ಶುರುವಾಗಿತ್ತು. ಅದಕ್ಕೂ ಮೊದಲೇ ಮೀಟರ್ ರೀಡಿಂಗಿನ ಹುಡುಗ ನಮ್ಮ ಬಾಗಿಲ ಚೌಕಟ್ಟಿಗೆ ಒಂದು ಸ್ಟಿಕರ್ ಅಂಟಿಸಿ ಹೋಗಿದ್ದ. ಅಕ್ಕೋರು ಅದಕ್ಕೆ ಫೋನು ಹಿಡಿದರು, ನೆಟ್‌ವರ್ಕ್ ಸಿಗದೆ ಅಂಗಳಕ್ಕಿಳಿದರು, ಮತ್ತೆ ಮೇಲೆ ಬಂದರು. ರಜೆ ಹೋದ ಸಿಟ್ಟು ಮುಖದಲ್ಲಿ ಕಾಣುತ್ತಿತ್ತು. ‘ಎಷ್ಟ್ ಪ್ರಶ್ನೆ ಅದಾವ್ರಿ ಅಕ್ಕೋರ?’ ಅಂದೆ. ‘ಅರವತ್ರೀ ಸರ್’ ಅಂದರು. ನಾನೂ ಮಾಸ್ತರನಾಗಿದ್ದವನು ಎಂದು ಹೇಳಿದ ಮೇಲೆ ಸ್ವಲ್ಪ ಸಡಿಲಾಗಿ ಪಡಸಾಲೆಯಲ್ಲಿ ಕುಳಿತರು. ಹೆಂಡತಿ ಚಹಾ ತಂದಳು.

ಪ್ರಶ್ನೆಗಳು ಒಂದೊಂದಾಗಿ ಬಂದವು, ಉತ್ತರ ಹೇಳುತ್ತ ಹೋದೆ. ಮನೆಯ ಮಾತು ಬಂದಾಗ ಅಕ್ಕೋರು ತಲೆಯೆತ್ತಿ ಸೂರನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿದರು. ಏನೂ ಕೇಳಲಿಲ್ಲ. ಕಾಣುತ್ತಿತ್ತಲ್ಲ, ಸಿಮೆಂಟು, ಆರ್‌ಸಿಸಿ. ಬೆರಳಿನಿಂದ ಒತ್ತಿ ಮುಂದಿನದಕ್ಕೆ ಹೋದರು. ಹಾಗೆ ತಲೆಯೆತ್ತಿ ನೋಡಿದ್ದೇ ನನ್ನನ್ನು 45 ವರ್ಷ ಹಿಂದಕ್ಕೆ ಒಯ್ದಿತು. ನಾನೂ ಹಾಗೆಯೇ ಕತ್ತೆತ್ತಿ ಮಾಳಿಗೆ ನೋಡಿದ್ದೆ. ಐಹೊಳೆಯಲ್ಲಿ, ನಮ್ಮ ಆಯಿಯ ಮನೆಯಲ್ಲಿ, ನನ್ನ ಆಯಿಯನ್ನೇ ಎದುರಿಗೆ ನಿಲ್ಲಿಸಿಕೊಂಡು.

1981ರ ಜನಗಣತಿಗೆ ಮುಂಚೆ ಮನೆಪಟ್ಟಿ ಮಾಡುವ ಕೆಲಸ. ನನಗಾಗ ಇಪ್ಪತ್ಮೂರು. ಹುನಗುಂದ ತಾಲ್ಲೂಕಿನ ಒಂದು ಹಳ್ಳಿಯ ಸಾಲೆಯಲ್ಲಿ ಹೊಸದಾಗಿ ನೌಕರಿ ಸಿಕ್ಕಿತ್ತು. ಬಾಗಲಕೋಟೆ ಇನ್ನೂ ಜಿಲ್ಲೆಯಾಗಿರಲಿಲ್ಲ, ಅದಕ್ಕೆ 1997ರವರೆಗೆ ಕಾಯಬೇಕಿತ್ತು. ನಾವೆಲ್ಲ ಬಿಜಾಪುರ ಜಿಲ್ಲೆಯವರು. ಐಹೊಳೆಯ ಎರಡು ಓಣಿ ನನ್ನ ಪಾಲಿಗೆ ಬಂದವು. ಅವ್ವನ ತವರೂರು, ಸಣ್ಣಂದಿನಿಂದ ಬೇಸಗೆಯೆಲ್ಲ ಕಳೆದ ಊರು. ಖುಷಿಯಿಂದಲೇ ಹೋದೆ. ಹುನಗುಂದದಿಂದ ಅಮೀನಗಡಕ್ಕೆ ಬಂದು, ಆಯಿಗೆಂದು ಅರ್ಧ ಕಿಲೋ ಕರದಂಟು ಕಟ್ಟಿಸಿಕೊಂಡು, ಐಹೊಳೆಯ ಬಸ್ಸು ಹಿಡಿದೆ. ಬಗಲಲ್ಲಿ ಗಣತಿಯ ಕಾಗದದ ಕಟ್ಟು. ಕೈಯಲ್ಲಿ ಡಾಂಬರಿನ ಡಬ್ಬಿ, ಕಾಥಿಯ ಕುಂಚ. ಎಣಿಸಿದ ಪ್ರತಿ ಮನೆಯ ಬಾಗಿಲಿಗೂ ನಂಬರು ಬರೆಯಬೇಕಿತ್ತು.

ಆಯಿಯ ಮನೆ ಎಂದರೆ ಏನೆಂದು ಹೇಳಬೇಕು. ಐಹೊಳೆಯಲ್ಲಿ ನೂರಿಪ್ಪತ್ತಕ್ಕೂ ಮಿಕ್ಕಿ ಗುಡಿಗಳಿವೆ. ಪುಸ್ತಕಗಳಲ್ಲಿ ಚಿತ್ರ ಸಮೇತ ಬರುವುದು ಹತ್ತೋ ಹದಿನೈದೋ. ಉಳಿದವು ಓಣಿಯ ಸಂದಿಯಲ್ಲಿ, ಹಿತ್ತಲಿನಲ್ಲಿ, ಬಣವೆಯ ಮರೆಯಲ್ಲಿ ಇದ್ದವು. ಅಂಥದೊಂದು ಹೆಸರಿಲ್ಲದ ಸಣ್ಣ ಗುಡಿಗೆ ಬೆನ್ನು ಹಚ್ಚಿ ನಮ್ಮ ಮುತ್ಯಾನ ಮುತ್ಯಾ ಯಾವನೋ ಮನೆ ಕಟ್ಟಿಕೊಂಡಿದ್ದ. ಬೆನ್ನು ಹಚ್ಚಿ ಅನ್ನುವುದೂ ಪೂರ್ತಿ ಖರೆಯಲ್ಲ. ಗುಡಿಯ ಮುಖಮಂಟಪವೇ ನಮ್ಮ ಪಡಸಾಲೆ. ಅದರ ಎರಡು ಕಂಬಗಳ ನಡುವೆ ಹಾದು ಒಳಗೆ ಹೋದರೆ ನಡುಮನೆ, ಅದರಾಚೆ ಗರ್ಭಗುಡಿ. ಗರ್ಭಗುಡಿಯಲ್ಲಿ ಲಿಂಗವಿರಲಿಲ್ಲ, ಬರಿ ಪೀಠವಿತ್ತು. ಸುತ್ತ ಜೋಳದ ಚೀಲಗಳು. ಸೋಮವಾರ ಆಯಿ ಆ ಖಾಲಿ ಪೀಠಕ್ಕೆ ನೀರು ಹಾಕಿ, ವಿಭೂತಿ ಹಚ್ಚಿ, ಅಲ್ಲಿಂದಲೇ ಮರದಲ್ಲಿ ಜೋಳ ತುಂಬಿಕೊಂಡು ಹೊರಗೆ ಬರುತ್ತಿದ್ದಳು. ‘ದೇವರು ಎಲ್ಲಿ ಹೋಗ್ಯಾನ ಆಯಿ?’ ಎಂದು ಕೇಳಿದರೆ, ‘ಎಲ್ಲಿ ಹೋಗ್ತಾನ, ಜ್ವಾಳದಾಗ ಅದಾನ’ ಅನ್ನುತ್ತಿದ್ದಳು.

ಗುಡಿಯ ಎಡಬಲಕ್ಕೆ ಮಣ್ಣಿನ ಗೋಡೆ ಎಬ್ಬಿಸಿ ಮನೆಯನ್ನು ಅಗಲ ಮಾಡಿದ್ದರು. ಒಂದು ಕಡೆ ಅಡುಗೆಮನೆ, ಇನ್ನೊಂದು ಕಡೆ ದನ ಕಟ್ಟುವ ಜಾಗ, ಗೋದಲಿ. ಆ ಭಾಗಕ್ಕೆ ಮಣ್ಣಿನ ಮಾಳಿಗೆ: ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಚಕ್ಕೆ, ಬೇವಿನ ಸೊಪ್ಪು, ಅದರ ಮೇಲೆ ಮೊಳದಷ್ಟು ಮಣ್ಣು. ಮೇಲಿನ ಪದರಕ್ಕೆ ಸವಳು ಮಣ್ಣೇ ಬೇಕು, ಬೇರೆ ಮಣ್ಣು ನೀರು ಕುಡಿಯುತ್ತದೆ. ಮಳೆಗಾಲಕ್ಕೆ ಮೊದಲು ಸೋದರಮಾವ ಚಕ್ಕಡಿಯಲ್ಲಿ ಸವಳು ಹೇರಿ ತರುತ್ತಿದ್ದ. ನಾವು ಹುಡುಗರು ಬುಟ್ಟಿಯಲ್ಲಿ ಹೊತ್ತು ನಿಚ್ಚಣಿಕೆ ಹತ್ತಿ ಸುರಿಯುತ್ತಿದ್ದೆವು. ನಡುರಾತ್ರಿ ಮಳೆ ಹೊಡೆದು ಎಲ್ಲಾದರೂ ತೊಟ್ಟಿಕ್ಕಿತೋ, ಮಾವ ಗೋಣಿಚೀಲ ತಲೆಗೇರಿಸಿ, ಕಂದೀಲು ಹಿಡಿದು ಮೇಲೆ ಹೋಗುವನು. ಕೆಳಗಿನಿಂದ ಆಯಿ, ‘ಇಲ್ಲಿ… ಇನ್ನ ಈ ಕಡೆ… ಹಾಂ, ತುಳಿ’ ಎಂದು ಕೂಗುವಳು. ಮಾವನ ಹೆಜ್ಜೆಯ ದಪ್ಪು ದಪ್ಪು ಸಪ್ಪಳ ಕೇಳುತ್ತ ನಿದ್ದೆ ಹೋಗುತ್ತಿದ್ದೆವು. ಮಾಳಿಗೆಯ ನಡುವೆ ಒಂದು ಬೆಳಕಿಂಡಿ. ಅದರ ಬಿಸಿಲು ಚೌಕವಾಗಿ ನೆಲಕ್ಕೆ ಬಿದ್ದು ಹೊತ್ತೇರಿದಂತೆ ಸರಿಯುತ್ತಿತ್ತು. ಬೀಸುವ ಕಲ್ಲಿನ ಹತ್ತಿರ ಬಂದರೆ ರೊಟ್ಟಿಯ ಹೊತ್ತು, ಗೋದಲಿ ಮುಟ್ಟಿದರೆ ದನ ಬರುವ ಹೊತ್ತು. ನನಗೆ ಗಡಿಯಾರ ನೋಡಲು ಬಂದದ್ದು ತಡವಾಗಿ. ಆ ಬಿಸಿಲು ನೋಡುವುದು ಮೊದಲೇ ಬರುತ್ತಿತ್ತು.

ಪಡಸಾಲೆಯ ಎಡಗಂಬದಲ್ಲಿ ಒಂದು ಗಂಡು ಹೆಣ್ಣಿನ ಜೋಡಿ. ಆಕೆಯ ಕೈ ಅವನ ಹೆಗಲ ಮೇಲೆ, ಅವನ ಕೈ ಎಲ್ಲಿತ್ತೆಂದು ಮಕ್ಕಳಿರುವ ಮನೆಯಲ್ಲಿ ಹೇಳುವಂತಿರಲಿಲ್ಲ. ದಿನವೂ ನೋಡುವ ನಮಗೆ ಅದರಲ್ಲಿ ವಿಶೇಷವೇನೂ ಇರಲಿಲ್ಲ. ಆದರೆ ಅಳಿಯ ಬೀಗರು ಬರುವ ದಿನ ಆಯಿ ಒಂದು ಕೌದಿ ತಂದು, ಒಣಹಾಕಿದವಳಂತೆ, ಆ ಕಂಬಕ್ಕೆ ಇಳಿಬಿಡುತ್ತಿದ್ದಳು. ಹಳೆಯ ಇಳಕಲ್ ಸೀರೆಗಳ ಕೌದಿ. ತುಂಬಾ ತೊಳೆದದ್ದರಿಂದ ಕೆಂಪು ಸೆರಗಿನ ತೋಪ ತೆನೆ ಮಾಸಿ ಗುಲಾಬಿಯಾಗಿತ್ತು. ಬೀಗರು ಹೋದ ಮೇಲೆ ಕೌದಿ ತೆಗೆದು, ‘ಉಸಿರಾಡ್ರೆಪಾ ಇನ್ನ’ ಅನ್ನುವಳು. ಯಾರಿಗೆ ಅನ್ನುತ್ತಿದ್ದಳೋ, ನಮಗೋ ಕಂಬದವರಿಗೋ.

ಇದನ್ನೆಲ್ಲ ಬರೆಯುವಾಗ ಕೈ ಸಿಹಿಯಾಗುತ್ತದೆ, ಗೊತ್ತು. ಸ್ವಲ್ಪ ತಡೆಯುತ್ತೇನೆ. ಆ ಮನೆಯಲ್ಲಿ ಕತ್ತಲೆಯೇ ಹೆಚ್ಚು. ಒಲೆಯ ಹೊಗೆಗೆ ನಡುಮನೆಯ ಚಾವಣಿಯ ಕಮಲ ಕಾಡಿಗೆಯಂತೆ ಕಪ್ಪಾಗಿತ್ತು. ಕಲ್ಲಿನ ಸಂದಿಯಲ್ಲಿ ಚೇಳು. ಬೇಸಗೆಯಲ್ಲಿ ಆ ಕಲ್ಲು ಹಗಲೆಲ್ಲ ಕಾದು ರಾತ್ರಿಯೆಲ್ಲ ಬಿಸಿ ಕಾರುವುದರಿಂದ ಒಳಗೆ ಮಲಗುವ ಮಾತೇ ಇರಲಿಲ್ಲ. ಹೆಂಗಸರು ಕೋಳಿ ಕೂಗುವುದಕ್ಕೂ ಮೊದಲೇ ಚರಿಗೆ ಹಿಡಿದು ಕೋಟೆಯ ಗೋಡೆಯ ಆಚೆಗೆ ಹೋಗಬೇಕು. ನಮ್ಮ ಅತ್ತಿ ಒಮ್ಮೆ ಅಂದದ್ದು ನನಗೆ ಯಾವ ಇತಿಹಾಸದ ಪುಸ್ತಕಕ್ಕಿಂತ ಚೆನ್ನಾಗಿ ನೆನಪಿದೆ: ‘ಸೂರ್ಯ ಹುಟ್ಟೋದ್ರಾಗ ಗುಡಿ ಫೋಟೋ ಚಂದ ಬರ್ತೈತಂತ, ಕ್ಯಾಮೆರಾ ಹಿಡಕೊಂಡು ಅವರೂ ಅದ ಹೊತ್ತಿಗೆ ಬಂದು ನಿಂತಿರ್ತಾರ. ನಾವು ಎಲ್ಲಿ ಹೋಗೂಣು?’

ಐಹೊಳೆಯಲ್ಲಿ ಗುಡಿಯಲ್ಲಿ ಬದುಕಿದವರು ನಾವಷ್ಟೇ ಅಲ್ಲವಲ್ಲ. ಊರಿನ ಗುಡಿಗಳ ಹೆಸರು ಕೇಳಿದರೆ ತಿಳಿಯುತ್ತದೆ. ಲಾಡಖಾನ ಗುಡಿ, ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ, ಹುಚ್ಚಿಮಲ್ಲಿ ಗುಡಿ, ಹುಚ್ಚಪ್ಪಯ್ಯನ ಗುಡಿ. ದೇವರ ಹೆಸರು ಎಲ್ಲಿದೆ ಹೇಳಿ. ಲಾಡಖಾನ ಎಂಬ ಮುಸಲ್ಮಾನರು ವಾಸವಿದ್ದ ಗುಡಿ ಲಾಡಖಾನ ಗುಡಿಯಾಯಿತು. ಗೌಡರ ಗುಡಿ ಮೊದಲು ಭಗವತಿಯದೆಂದು ಅಲ್ಲಿಯ ಶಾಸನ ಹೇಳುತ್ತದೆ. ಊರು ಅದನ್ನು ಗೌಡರ ಹೆಸರಿನಿಂದಲೇ ಕರೆಯಿತು. ಎಲ್ಲರೂ ಹಾದಿ ತಪ್ಪುವುದು ದುರ್ಗದ ಗುಡಿಯಲ್ಲಿ. ಅದು ದುರ್ಗಾದೇವಿಯದಲ್ಲ. ಕೋಟೆಗೆ ಹತ್ತಿದ್ದಕ್ಕೆ ದುರ್ಗದ ಗುಡಿ; ಒಂದು ಕಾಲಕ್ಕೆ ಅದರ ನೆತ್ತಿಯ ಮೇಲೂ ಕಲ್ಲು ಪೇರಿಸಿ ಕಾವಲು ಕೂತಿದ್ದರು. ಯಾವ ಅರಸನೂ ಮಾಡಿಸದ ಗಣತಿ ಈ ಹೆಸರುಗಳಲ್ಲಿದೆ. ಯಾರು ಎಲ್ಲಿ ಒಲೆ ಹೂಡಿದರು ಎಂಬುದರ ಗಣತಿ. ಸುಣ್ಣದ ಹುಡಿಯಂತೆ ಉದುರಿಹೋಗಬೇಕಾಗಿದ್ದ ಬಡಿಗ, ಅಂಬಿಗ, ಹುಚ್ಚಿ ಎಂದು ಕರೆಸಿಕೊಂಡ ಹೆಂಗಸು, ಇವರೆಲ್ಲ ಚಾಲುಕ್ಯರ ಕಲ್ಲಿಗೆ ಅಂಟಿಕೊಂಡು ಉಳಿದುಬಿಟ್ಟರು.

ಇನ್ನೊಂದು ಮಾತನ್ನು ನಾನು ತಿಳಿದುಕೊಂಡದ್ದು ನಿವೃತ್ತನಾದ ಮೇಲೆ. ಲಾಡಖಾನ ಗುಡಿಯ ಚಾವಣಿಯನ್ನು ಗಮನಿಸಿ ನೋಡಿ. ಇಳಿಜಾರಾಗಿ ಕಲ್ಲುಚಪ್ಪಡಿ ಹಾಸಿ, ಎರಡು ಚಪ್ಪಡಿ ಕೂಡುವಲ್ಲಿ ಸಂದಿ ಮುಚ್ಚಲು ಉದ್ದನೆಯ ಕಲ್ಲಿನ ಪಟ್ಟಿ ಇಟ್ಟಿದ್ದಾರೆ, ಥೇಟು ಕಟ್ಟಿಗೆಯ ದಿಮ್ಮಿ ಇಟ್ಟ ಹಾಗೆ. ಕಲ್ಲಿಗೆ ದಿಮ್ಮಿಯ ಆಕಾರ ಯಾಕೆ ಬೇಕು? ಕಟ್ಟಿದವನ ಕೈಗೆ ಕಟ್ಟಿಗೆಯ ಮನೆ, ಊರಿನ ಚಾವಡಿ ಕಟ್ಟಿ ರೂಢಿ. ಮೇಲಿನ ಸಣ್ಣ ಗುಡಿಗೆ ಹತ್ತಲು ಇರುವುದೂ ಕಲ್ಲಿನಲ್ಲಿ ಮೆಟ್ಟಿಲು ಕೊರೆದ ಒಂದು ನಿಚ್ಚಣಿಕೆಯೇ. ಈ ಮರಗೆಲಸದ ಚಹರೆ ನೋಡಿಯೇ ಹಿಂದಿನ ವಿದ್ವಾಂಸರು ಇದನ್ನು ಕ್ರಿ.ಶ. 450ರ ಸುಮಾರಿನದೆಂದು ಎಣಿಸಿದ್ದರು. ಈಗ ಏಳು, ಎಂಟನೇ ಶತಮಾನಕ್ಕೆ ತರುತ್ತಾರೆ. ಕಾಲ ಯಾವುದಾದರೂ ಇರಲಿ, ಮೊದಲು ಮನೆ ನೋಡಿ ಗುಡಿ ಕಟ್ಟಿದರು, ಆಮೇಲೆ ಆ ಗುಡಿಯಲ್ಲಿ ಮನೆ ಮಾಡಿದರು. ಗುಡ್ಡದ ಮೇಲಿನ ಮೇಗುಟಿ ಬಸದಿಯ ಶಾಸನದ ಕವಿ ರವಿಕೀರ್ತಿಯಂತೂ ಲೆಕ್ಕದ ಮನುಷ್ಯ: ಭಾರತ ಯುದ್ಧದಿಂದ 3735 ವರ್ಷ, ಶಕ ವರ್ಷ 556 ಎಂದು ಎಣಿಸಿ ಬರೆಸಿದ್ದಾನೆ, ಅಂದರೆ ಕ್ರಿ.ಶ. 634. ಪುಲಕೇಶಿಯನ್ನು ಹೊಗಳಿದ, ತನ್ನನ್ನು ಕಾಳಿದಾಸ ಭಾರವಿಯರ ಸಾಲಿಗೆ ಸೇರಿಸಿಕೊಂಡ, ಅದೆಲ್ಲ ಸರಿ. ನನಗೆ ಹಿಡಿಸಿದ್ದು, ತಾನು ಕಟ್ಟಿಸಿದ್ದನ್ನು ಅವನು ಜಿನನ ಮನೆ ಎಂದೇ ಕರೆದದ್ದು.

ಇಷ್ಟು ಬುದ್ಧಿ ಇಪ್ಪತ್ಮೂರನೇ ವಯಸ್ಸಿಗೆ ಇರಲಿಲ್ಲ. ಆಯಿಯ ಮನೆ ಮುಂದೆ ನಿಂತು ಕಾಗದ ಬಿಚ್ಚಿದವನಿಗೆ ಮೊದಲ ಕಲಂನಲ್ಲೇ ತೊಡಕು. ಕಟ್ಟಡದ ಉಪಯೋಗವೇನು: ವಾಸವೋ, ಪೂಜಾಸ್ಥಳವೋ, ಉಗ್ರಾಣವೋ? ಮೂರೂ ಹೌದು. ಬಿಟ್ಟು ಹೋಗುವ ಹಾಗಿಲ್ಲ. ಅಮೀನಗಡಕ್ಕೆ ಹೋದಾಗ ಮೇಲ್ವಿಚಾರಕರನ್ನು ಕೇಳಿದೆ. ಅವರು ಎಲೆಯಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, ‘ಒಲಿ ಉರೀತೈತೇನು?’ ಅಂದರು. ‘ಉರೀತೈತ್ರಿ.’ ‘ಹಂಗಾರ ಮನಿ ಅಂತ ಬರಿ.’ ನೌಕರಿಯ ಅಷ್ಟು ವರ್ಷಗಳಲ್ಲಿ ಅದಕ್ಕಿಂತ ಸ್ಪಷ್ಟವಾದ ಸುತ್ತೋಲೆ ನನಗೆ ಬಂದಿಲ್ಲ.

ಗೋಡೆಯದು ಬೇರೆ ಜಗಳ. ಕೆಲವು ತಿಂಗಳ ಮೇಲೆ, 1981ರ ಫೆಬ್ರವರಿಯಲ್ಲಿ, ಎಣಿಕೆಗೆ ಮತ್ತೆ ಹೋದಾಗ ಗೋಡೆ ಯಾವುದರದು, ಮಾಳಿಗೆ ಯಾವುದರದು ಎಂದು ತುಂಬಬೇಕಿತ್ತು. ಅರ್ಧ ಕಲ್ಲು, ಅರ್ಧ ಮಣ್ಣು. ನಾನು ಎರಡಕ್ಕೂ ಮಣ್ಣು ಎಂದು ಬರೆದೆ. ಜನತಾ ಮನೆಗಳು ಮಂಜೂರಾಗುತ್ತಿದ್ದ ಕಾಲ. ಕಾಗದದಲ್ಲಿ ಬಡತನ ಎದ್ದು ಕಂಡರೆ ಮಾವನಿಗೊಂದು ಮನೆ ಬಂದೀತು ಎಂಬುದು ನನ್ನ ಲೆಕ್ಕ. ಜನಗಣತಿಯ ಕಾಗದಕ್ಕೂ ಜನತಾ ಮನೆಗೂ ಸಂಬಂಧವೇ ಇಲ್ಲ ಎಂಬುದು ಗೊತ್ತಿರದಷ್ಟು ಹುಂಬ. ಆಯಿ ಎದುರಿಗೆ ಹತ್ತಿ ಬಿಡಿಸುತ್ತ ಕೂತಿದ್ದಳು.

‘ಗ್ವಾಡಿ ಯಾತರದ್ದು ಅಂತ ಬರದಿ?’

‘ಮಣ್ಣಿಂದಂತ.’

‘ಮತ್ತ ಈ ಕಂಬ? ಇದೇನು ಬೆಲ್ಲದ್ದೇನು?’

ನಾನು ನಕ್ಕೆ. ಅವಳು ನಗಲಿಲ್ಲ. ‘ಸಾಲಿ ಕಲಿಸಿದ್ದು ಇದಕ್ಕೇನು, ಇದ್ದ ಕಲ್ಲ ಮಣ್ಣಂತ ಬರ್ಯಾಕ?’ ಅಂದಳು. ತಿದ್ದಿ ಬರೆಯುತ್ತೇನೆ ಅಂದೆ. ತಿದ್ದಲಿಲ್ಲ.

ನಂಬರು ಬರೆದದ್ದು ಅದಕ್ಕೂ ಮೊದಲು, ಮನೆಪಟ್ಟಿಯ ಹೊತ್ತಿಗೆ. 47. ಬಾಗಿಲ ಚೌಕಟ್ಟಿನ ಕಟ್ಟಿಗೆ ಒರಟಾಗಿತ್ತು, ಕುಂಚ ಓಡಲಿಲ್ಲ. ಪಕ್ಕದ ಕಂಬ ನುಣುಪಾಗಿತ್ತು. ಡಬ್ಬಿಯಲ್ಲಿ ಕುಂಚ ಅದ್ದಿದೆ. ‘ಆ ಗಂಡ ಹೆಣತಿ ಮಾರಿಗೆ ಬಳದ್ಯಂದ್ರ ನೋಡು’ ಎಂದು ಒಳಗಿನಿಂದ ಆಯಿಯ ದನಿ. ಬೀಗರೆದುರು ಕೌದಿ ಮುಚ್ಚುವವಳು ಅವಳೇ. ನಾನು ಜೋಡಿಯನ್ನು ಬಿಟ್ಟು, ಅವರ ತಲೆಯಿಂದ ಒಂದು ಗೇಣು ಮೇಲೆ ಬರೆದೆ. ಡಾಂಬರು ಒಂದೆರಡು ಹನಿ ಕೆಳಗೆ ಇಳಿಯಿತು, ಆಕೆಯ ತುರುಬಿನವರೆಗೆ. ಬೆರಳಿನಿಂದ ಒರೆಸಹೋಗಿ ಮತ್ತಷ್ಟು ಹರಡಿದೆ. ಹದಿಮೂರು ನೂರು ವರ್ಷದ ಕೆತ್ತನೆಯ ಮೇಲೆ ಡಾಂಬರು ಬಳಿದವನು ನಾನು. ಮುಂದೆ ಎಷ್ಟೋ ವರ್ಷ ಪಾಠದಲ್ಲಿ, ಹಳ್ಳಿಯ ಜನ ತಿಳಿವಳಿಕೆಯಿಲ್ಲದೆ ಶಿಲ್ಪಗಳನ್ನು ಹಾಳು ಮಾಡಿದರು ಎಂದು ಹೇಳಿದವನೂ ನಾನೇ.

ಎದುರಿನ ಮನೆಯಲ್ಲಿ ಆಗತಾನೆ ಬಂದ ಸೊಸೆಯೊಬ್ಬಳಿದ್ದಳು. ಗಂಡ ಹೊಲಕ್ಕೆ ಹೋಗಿದ್ದ. ಮನೆಯ ಯಜಮಾನನ ಹೆಸರೇನವ್ವಾ ಎಂದರೆ ಸೆರಗು ಬಾಯಿಗೆ ಒತ್ತಿಕೊಂಡಳು. ಗಂಡನ ಹೆಸರು ಹೇಳುವಂತಿಲ್ಲವಲ್ಲ. ಎರಡನೇ ಸಲ ಕೇಳಿದೆ. ಆಕೆ ಕಣ್ಣಿನಿಂದಲೇ ಓಣಿಯ ತುದಿ ತೋರಿಸಿದಳು. ಅಲ್ಲಿ ಮೂಗು ಮುರಿದ ಕಲ್ಲಿನ ನಂದಿಯೊಂದು ಅರ್ಧ ಮಣ್ಣಿನಲ್ಲಿ ಹುಗಿದು ಕೂತಿತ್ತು. ಹೆಸರು ಬರೆದುಕೊಂಡೆ. ಸರಿಯಾಯಿತೇ ಎಂದು ಓದಿ ಹೇಳಿದೆ. ನಾಚಿ ಒಳಗೆ ಓಡಿದಳು.

ಕೇರಿಯ ಮನೆಗಳ ವಿಷಯ ಇದುವರೆಗೆ ಎಲ್ಲಿಯೂ ಬರೆದಿಲ್ಲ. ಊರ ಅಂಚಿನ ಆ ಮನೆಗಳ ಮುಂದೆ ನಿಂತಾಗ, ‘ಒಳಗ ಬರ್ರಿ ಮಾಸ್ತರ, ನೆಳ್ಳಾಗ ಕುಂತು ಬರಕೋರಿ’ ಎಂದು ಕರೆದರು. ನಾನು ಬಿಸಿಲಲ್ಲೇ ನಿಂತೆ. ‘ಹೊತ್ತಾಗ್ತೈತಿ’ ಅಂದೆ. ಆಯಿ ಏನಂದಾಳು ಎಂಬ ಅಂಜಿಕೆ ಅರ್ಧ, ಇನ್ನರ್ಧ ನನ್ನದೇ. ಒಳಗೆ ಎಷ್ಟು ಕೋಣೆ, ಗೋಡೆ ಯಾವುದರದು, ಎಲ್ಲ ಹೊರಗಿನಿಂದಲೇ ಅಂದಾಜಿನಲ್ಲಿ ತುಂಬಿದೆ. ಊರಿನ ಗುಡಿಗಳ ಕಲ್ಲು ಕಂಬ ಯಾರ್ಯಾರ ಮನೆಗೋ ಸಿಕ್ಕಿದ್ದವು, ಅವರ ಮನೆಗಳಿಗಲ್ಲ. ಅಲ್ಲಿ ನಿಜವಾಗಿಯೂ ಮಣ್ಣೇ ಇತ್ತು ಅಂತ ಕಾಣುತ್ತದೆ. ಕಾಣುತ್ತದೆ ಅಂತಲೇ ಹೇಳಬೇಕು, ಒಳಗೆ ಹೋಗಿ ನೋಡಿದವನಲ್ಲವಲ್ಲ.

ಸಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆತರುವುದು ಆಮೇಲೆ ವರ್ಷಕ್ಕೊಂದು ಸಲ ನಡೆಯುತ್ತಿತ್ತು. ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಒಂದೇ ದಿನದಲ್ಲಿ. ಮಕ್ಕಳಿಗೆ ನೆನಪಿರುವುದು ಬಾದಾಮಿಯ ಮಂಗಗಳು ಮಾತ್ರ. ಅಂಥ ಒಂದು ದಿನ ಲಾಡಖಾನ ಗುಡಿಯ ಮುಂದೆ ನಿಂತು ನನ್ನ ಎಂದಿನ ಭಾಷಣ ಬಿಗಿಯುತ್ತಿದ್ದೆ. ದನ ಕಟ್ಟಿದರು, ಒಲೆ ಹೂಡಿದರು, ಕುಳ್ಳು ತಟ್ಟಿದರು, ಇತ್ಯಾದಿ. ಹಿಂದೆ ನಿಂತಿದ್ದ ಹುಡುಗನೊಬ್ಬ ಕೇಳಿಯೇಬಿಟ್ಟ: ‘ಸರ್, ನಿಮ್ಮ ಆಯಿ ಮನಿನೂ ಇಲ್ಲೇ ಗುಡ್ಯಾಗ ಐತಂತಲ್ರೀ?’ ಜೊತೆಗೆ ಬಂದಿದ್ದ ಬೇರೆ ಮಾಸ್ತರರು ನನ್ನ ಕಡೆ ತಿರುಗಿದರು. ‘ಯಾರ್ ಹೇಳಿದ್ರೋ ನಿಂಗ? ನಡೀರಿ, ದುರ್ಗದ ಗುಡಿ ನೋಡಾಕ ಹೊತ್ತಾತು’ ಎಂದು ಸಾಲು ಹೊರಡಿಸಿದೆ. ಆಯಿ ಆಗ ಬದುಕಿದ್ದಳು. ಅಲ್ಲಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ನನಗಾಗಿ ರೊಟ್ಟಿ, ಗುರೆಳ್ಳು ಹಿಂಡಿ ಕಟ್ಟಿಟ್ಟುಕೊಂಡು ಕಾಯುತ್ತಿದ್ದಳು. ಬಸ್ಸು ಹೊರಡುವ ಮುಂಚೆ ಓಡಿಹೋಗಿ ಗಂಟು ಇಸಿದುಕೊಂಡು ಬಂದೆ. ಆ ಹುಡುಗನಿಗೂ ಅದರಲ್ಲಿ ಒಂದು ರೊಟ್ಟಿ ಕೊಟ್ಟೆ, ಯಾಕೆ ಅಂತ ಅವನು ಕೇಳಲಿಲ್ಲ.

ಊರನ್ನು ಬೇರೆ ಕಡೆಗೆ ಸಾಗಿಸುವ ಮಾತು ನಾನು ಕಂಡ ಹಾಗೆ ಹತ್ತಾರು ವರ್ಷಗಳಿಂದ ನಡೆದೇ ಇದೆ. ಅಳೆಯುವವರು ಬರುತ್ತಾರೆ, ಹೋಗುತ್ತಾರೆ. ಈ ನಡುವೆ ಕಾಯಿದೆ ಬಂತು. 1992ರ ಅಧಿಸೂಚನೆ, ಆಮೇಲೆ 2010ರ ತಿದ್ದುಪಡಿ: ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವ ಹಾಗಿಲ್ಲ, ಅದರಾಚೆಯ 200 ಮೀಟರಿಗೂ ಅನುಮತಿ ಬೇಕು. ಕಾಯಿದೆ ಬೇಕಾದದ್ದೇ, ಇಲ್ಲದಿದ್ದರೆ ಮೇಗುಟಿಯ ಬುಡದಲ್ಲಿ ಇಷ್ಟರಲ್ಲಿ ಲಾಡ್ಜು ಎದ್ದಿರುತ್ತಿತ್ತು. ಆದರೆ ಹೆಜ್ಜೆಗೊಂದು ಗುಡಿ ಇರುವ ಊರಲ್ಲಿ ನೂರು ಮೀಟರಿನ ಸುತ್ತು ಹಾಕುತ್ತ ಹೋದರೆ ಉಳಿಯುವುದೇನು? ಮಗನ ಮದುವೆಗೆ ಒಂದು ಕೋಣೆ ಎಳೆಯಲಾರದೆ, ಬಿದ್ದ ಗೋಡೆಯನ್ನು ಸಿಮೆಂಟಿನಿಂದ ಎತ್ತಲಾರದೆ ಜನ ಕೂತರು. ಮಣ್ಣಿನ ಮನೆಗೆ ವರ್ಷ ವರ್ಷ ಕೈ ಬೇಕು. ಸವಳು ಹೊರುವ ಹುಡುಗರು ಬೆಂಗಳೂರು, ಮಂಗಳೂರಿಗೆ ದುಡಿಯಲು ಹೋದರು. ಮಾವನ ಮಕ್ಕಳೂ ಹೋದರು.

ನಮ್ಮ ಮನೆಯಲ್ಲಿ ಈ ವಿಷಯ ಎತ್ತಿದರೆ ಹೆಂಡತಿಯದು ಬೇರೆ ರಾಗ. ಆಕೆ ಹಳೇ ಬಾಗಲಕೋಟೆಯವಳು. ಆಲಮಟ್ಟಿಯಲ್ಲಿ 519.60 ಮೀಟರಿಗೆ ನೀರು ನಿಲ್ಲಿಸಿದ ಮೇಲೆ ಅವರ ಓಣಿ ಹಿನ್ನೀರಿಗೆ ಹೋಯಿತು, ಅವರೆಲ್ಲ ನವನಗರದ ಸೆಕ್ಟರು, ಪ್ಲಾಟ್ ನಂಬರುಗಳಿಗೆ ಬಂದರು. ‘ನಮ್ಮನಿ ನೀರಾಗ ಹೋತು, ನೋಡ್ತೇನಂದ್ರೂ ಸಿಗೂದಿಲ್ಲ. ನಿಮಗ ಕಂಬರ ಉಳದೈತಿ. ಸುಮ್ಮನಿರ್ರಿ’ ಅನ್ನುತ್ತಾಳೆ. ಕೂಡಲಸಂಗಮದಲ್ಲಿ ಹಿನ್ನೀರಿನ ನಡುವೆ ಗೋಡೆ ಸುತ್ತಿ ಬಸವಣ್ಣನವರ ಐಕ್ಯಮಂಟಪವನ್ನು ಬಾವಿಯೊಳಗಿಟ್ಟ ಹಾಗೆ ಉಳಿಸಿಕೊಂಡಿದ್ದೇವೆ, ಮೆಟ್ಟಿಲಿಳಿದು ನೋಡಬಹುದು. ಮನುಷ್ಯರ ಮನೆಗೆ ಹಾಗೆ ಗೋಡೆ ಸುತ್ತಲು ಬರುವುದಿಲ್ಲ. ಅವಳು ಆ ಹೊಸ ಊರಿನಲ್ಲಿ ಸುಖವಾಗಿಯೇ ಇದ್ದಾಳೆ ಎಂಬುದನ್ನೂ ಹೇಳಬೇಕು. ಅಗಲ ರಸ್ತೆ, ಎದುರಿಗೇ ದವಾಖಾನೆ. ಹಳೇ ಓಣಿಯ ಮಾತು ಬರುವುದು ಹಬ್ಬದಲ್ಲಿ, ಹೋಳಿಯಲ್ಲಿ ಹೆಚ್ಚು.

ಆಯಿ ತೀರಿದ್ದು ತೊಂಬತ್ತರ ದಶಕದಲ್ಲಿ. ಮಾವ ಒಬ್ಬನೇ ಕೆಲಕಾಲ ಅಲ್ಲಿದ್ದು, ಮೊಣಕಾಲು ಸೋತು ನಿಚ್ಚಣಿಕೆ ಹತ್ತುವುದು ನಿಂತ ಮೇಲೆ ಮಗಳ ಊರಿಗೆ ಹೋದ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಆ ಮಳೆ ನಮ್ಮ ಕಡೆಯವರು ಯಾರೂ ಮರೆಯುವಂಥದ್ದಲ್ಲ. ಬರದ ನಾಡು ನಮ್ಮದು, ಮೋಡಕ್ಕೆ ಕೈ ಮುಗಿದು ಗೊತ್ತೇ ಹೊರತು ಸಾಕು ಅಂದು ಗೊತ್ತಿರಲಿಲ್ಲ. ಮಲಪ್ರಭೆ ದಂಡೆ ಮೀರಿದಳು. ಹೊಳೆ ಮುಟ್ಟದ ಊರುಗಳಲ್ಲೂ ಮಾಳಿಗೆಗಳು ನೀರು ಕುಡಿದು ಕುಡಿದು ಭಾರವಾಗಿ ಕುಸಿದವು. ಮಳೆ ಹೊರಪಾದ ಮೇಲೆ ಮಾವನ ಫೋನು ಬಂತು. ‘ಮನಿ ಕುಂತೈತಂತ’ ಅಂದ. ಬಿತ್ತು ಅನ್ನಲಿಲ್ಲ. ದಣಿದ ಎತ್ತು ನೆಲಕ್ಕೆ ಕೂತದ್ದನ್ನು ಹೇಳಿದ ಹಾಗಿತ್ತು.

ಸಮೀಕ್ಷೆಯ ಅಕ್ಕೋರು ಹೋದ ಮೇಲೆ ಎರಡು ವಾರ ತಡೆದು, ಶೀಗಿ ಹುಣ್ಣಿಮೆ ಕಳೆದ ಮಾರನೆಯ ದಿನ ಐಹೊಳೆಗೆ ಹೊರಟೆ. ಅಮೀನಗಡದಲ್ಲಿ ಇಳಿದು ಕರದಂಟು ಕಟ್ಟಿಸಿಕೊಳ್ಳುವಾಗಲೇ ನೆನಪಾಯಿತು, ಕೊಡಲು ಯಾರಿದ್ದಾರೆ ಅಂತ. ಆದರೂ ಅರ್ಧ ಕಿಲೋ ತೆಗೆದುಕೊಂಡೆ. ಹೊಲಗಳಲ್ಲಿ ಚರಗ ಚೆಲ್ಲಿದ ಗುರುತು ಅಲ್ಲಲ್ಲಿ ಇತ್ತು. ದುರ್ಗದ ಗುಡಿಯ ಆವರಣದಲ್ಲಿ ಹಸಿರು ಹುಲ್ಲುಹಾಸು, ಟಿಕೆಟ್ಟಿನ ಕಿಟಕಿ, ಕಾವಲುಗಾರನ ಸೀಟಿ. ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ. ಗುಡಿಯ ಸುತ್ತಿನ ಕಂಬಗಳನ್ನು ಈಗ ನಿಂತು ನೋಡಲು ಬರುತ್ತದೆ.

ಓಣಿಗೆ ಹೋದೆ. ಆಯಿಯ ಮನೆಯಿದ್ದ ಜಾಗದಲ್ಲಿ ಮಣ್ಣಿನ ದಿಬ್ಬ, ಅದರ ಮೇಲೆ ಜಾಲಿ. ಅಡುಗೆಮನೆ, ಗೋದಲಿ, ತೊಲೆ, ಜಂತಿ, ಬೆಳಕಿಂಡಿ, ಎಲ್ಲ ಕೂಡಿ ಆಳೆತ್ತರದ ಒಂದು ದಿಬ್ಬ. ಆದರೆ ಗುಡಿ ಹಾಗೆಯೇ ನಿಂತಿತ್ತು. ಮನೆ ಕಳಚಿಕೊಂಡ ಮೇಲೆ ಅದು ಎಷ್ಟು ಸಣ್ಣದೆಂದು ಗೊತ್ತಾಯಿತು. ನಾವು ಒಂಬತ್ತು ಜನ ಅದರಲ್ಲಿ ಹೇಗೆ ಮಲಗುತ್ತಿದ್ದೆವೋ. ಎಡಗಂಬದ ಜೋಡಿ ಬಿಸಿಲಿಗೆ ಬಂದಿದ್ದರು. ನಾನು ಅವರನ್ನು ಅಷ್ಟು ಬೆಳಕಿನಲ್ಲಿ ನೋಡಿದ್ದೇ ಮೊದಲು. ಆಕೆಯ ಕೊರಳ ಹಾರದಲ್ಲಿ ಮೂರು ಎಳೆಗಳಿದ್ದವು. ತಲೆಯಿಂದ ಗೇಣು ಮೇಲೆ, 4 ಎಲ್ಲೋ ಹೋಗಿ, 7 ಉಳಿದಿತ್ತು. ತುರುಬಿನ ಮೇಲಿನ ಹನಿಯೂ ಇತ್ತು. ಉಗುರಿನಿಂದ ಕೆರೆದೆ. ಬರಲಿಲ್ಲ.

‘ಯಾರ್ರೀ ಅದು?’

ಎದುರಿನ ಮನೆಯ ಕಟ್ಟೆಯ ಮೇಲೆ ಮುದುಕಿಯೊಬ್ಬಳು ಶೇಂಗಾ ಸುಲಿಯುತ್ತ ಕೂತಿದ್ದಳು. ಹತ್ತಿರ ಹೋಗಿ ಯಾರ ಪೈಕಿ ಎಂದು ಹೇಳಿದೆ. ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನನ್ನು ತಲೆಯಿಂದ ಕಾಲವರೆಗೆ ನೋಡಿ ನಕ್ಕಳು.

‘ಅಯ್ಯ, ಬರಕೊಳ್ಳೋ ಮಾಸ್ತರಲ್ರೀ ನೀವು! ಮತ್ತ ಬರಕೊಳ್ಳಾಕ ಬಂದೀರೇನು?’

ಇಲ್ಲವೆಂದು ಖಾಲಿ ಕೈ ತೋರಿಸಿದೆ. ಕರದಂಟಿನ ಪೊಟ್ಟಣ ಕೊಟ್ಟೆ. ಹಲ್ಲಿಲ್ಲ ಎಂದು ನಕ್ಕು, ಮೊಮ್ಮಗಳನ್ನು ಕೂಗಿ ಒಳಗೆ ಕಳಿಸಿದಳು. ‘ಮೊನ್ನಿನೂ ಒಬ್ಬಾಕಿ ಬಂದಿದ್ಲು, ಫೋನ್ಯಾಗ ಬರಕೊಂಡು ಹೋದ್ಲು. ಯಜಮಾನನ ಹೆಸರೇನವ್ವಾ ಅಂದ್ಲು. ಈ ಸಲ ನಾನ ಬಾಯಿ ಬಿಟ್ಟು ಹೇಳಿದ್ನಿ. ಅವರು ಹೋಗಿ ಆರು ವರ್ಷಾತು, ಇನ್ನ ಯಾರಿಗೆ ನಾಚೂದು.’ ಓಣಿಯ ತುದಿಗೆ ನೋಡಿದೆ. ನಂದಿ ಅಲ್ಲಿರಲಿಲ್ಲ. ‘ವಸ್ತುಸಂಗ್ರಹಾಲಯಕ್ಕ ಒಯ್ದ್ರೋ ಏನೋ’ ಅಂದಳು. ಆ ಉದ್ದ ಪದವನ್ನು ತಡವರಿಸದೆ ಹೇಳಿದ್ದಕ್ಕೆ ನನಗೆ ಅಚ್ಚರಿಯಾಯಿತು. ಐಹೊಳೆಯ ಮುದುಕಿಗೆ ಬರದೆ ಇನ್ಯಾರಿಗೆ ಬರಬೇಕು.

ಒಳಗೆ ಕರೆದಳು. ಹೋಗಿ ಕೂತೆ. ಅದೂ ಅರ್ಧ ಕಲ್ಲು, ಅರ್ಧ ಮಣ್ಣಿನ ಮನೆಯೇ. ಮಾಳಿಗೆಗೆ ನೀಲಿ ತಾಡಪತ್ರಿ ಹೊದಿಸಿ ಮೂಲೆಗೊಂದು ಕಲ್ಲು ಹೇರಿದ್ದರು. ನೀರು ಕುಡಿದೆ.

‘ಖರೇನ ಜಾಗಾ ಕೊಡ್ತಾರೇನ್ರೀ ಮಾಸ್ತರ, ಬ್ಯಾರೆ ಕಡೆ?’

ಗೊತ್ತಿಲ್ಲ ಅಂದೆ. ಬಿಟ್ಟು ಹೋಗಲು ಮನಸ್ಸಿದೆಯೇ ಎಂದು ಕೇಳಿದೆ. ಬಹುಶಃ ಬೇರೆ ಉತ್ತರ ಕೇಳುವ ಆಸೆಯಿತ್ತು ನನಗೆ.

‘ಮನಸ್ಸಿಲ್ಲದ ಏನ್ರೀ. ಹುಡುಗಿ ದೊಡ್ಡಾಕಿ ಆಗ್ಯಾಳ. ಆದ್ರ ನೋಡ್ರಿ, ನಳ ಮನಿ ಒಳಗ ಇರಬೇಕು. ಪಾಯಖಾನಿ ಬಾಗಲ ಓಣಿ ಕಡಿ ಬ್ಯಾಡ. ಶೇಂಗಾ ಒಣಹಾಕಾಕ ಒಂದೀಟು ಕಟ್ಟಿ. ಮತ್ತ ನಮ್ಮ ಓಣ್ಯಾರು ನಮ್ಮ ಬಾಜೂಕ ಇರಬೇಕು, ಎಲ್ಲಾರ್ನೂ ಚದರಿಸಿ ಕೊಡಬಾರದು.’ ಸುಲಿಯುತ್ತಿದ್ದ ಕೈ ನಿಲ್ಲಿಸಿ ನನ್ನ ಕಡೆ ನೋಡಿದಳು. ‘ಸುಮ್ನ ಕುಂತೀರಲ್ಲ. ಬರಕೋರಿ.’

ಕಿಸೆಯಲ್ಲಿ ಪೆನ್ನಿತ್ತು, ಕಾಗದವಿರಲಿಲ್ಲ. ಕರದಂಟಿನ ಪೊಟ್ಟಣಕ್ಕೆ ಸುತ್ತಿದ್ದ ಹಾಳೆಯನ್ನು ಮೊಮ್ಮಗಳ ಕೈಯಿಂದ ಇಸಿದುಕೊಂಡು, ತೊಡೆಯ ಮೇಲೆ ಹಾಸಿ, ಆಕೆ ಹೇಳಿದ ಹಾಗೆ ಬರೆದುಕೊಂಡೆ.